ರೂಟಿಂಗ್ ತಂತ್ರಾಂಶವನ್ನು ಒಂದು ಕರ್ನಲ್‌ನಿಂದ ಇನ್ನೊಂದಕ್ಕೆ ಒಯ್ಯುವುದು ಏಕೆ ಕಷ್ಟ?

ಬರ್ಡ್, ಎಫ್‌ಆರ್‌ಆರ್ ಮತ್ತು ಓಪನ್‌ಬಿಜಿಪಿಡಿ ಎಂಬ ಮೂರು ಮುಕ್ತ ತಂತ್ರಾಂಶಗಳ ಹೆಸರು ನೆಟ್‌ವರ್ಕ್ ನಿರ್ವಹಣೆಯಲ್ಲಿ ತೊಡಗಿರುವವರಿಗೆ ಹೊಸದಲ್ಲ. ಸಾಮಾನ್ಯ ಸರ್ವರ್ ಒಂದರಲ್ಲಿ ಇವುಗಳಲ್ಲಿ ಯಾವುದನ್ನಾದರೂ ಹಾಕಿಕೊಂಡರೆ, ಆ ಯಂತ್ರವು ಬಿಜಿಪಿ ಎಂಬ ಪ್ರೋಟೊಕಾಲ್‌ನ (ಸಂವಹನದ ನಿಯಮಾವಳಿಯ) ಮೂಲಕ ನೆರೆಯ ರೂಟರ್‌ಗಳೊಡನೆ ಮಾರ್ಗಗಳನ್ನು ವಿನಿಮಯ ಮಾಡಿಕೊಳ್ಳುತ್ತದೆ. ಮೊದಲಿನ ಎರಡು, ಒಂದೇ ಸಂಸ್ಥೆಯ ಜಾಲದೊಳಗೆ ಮಾರ್ಗ ಹುಡುಕುವ ಒಎಸ್‌ಪಿಎಫ್‌ನಂಥ ಇತರ ಪ್ರೋಟೊಕಾಲ್‌ಗಳನ್ನೂ ಬಲ್ಲವು. ಈ ಪ್ರೋಟೊಕಾಲ್‌ಗಳ ನಿಯಮಗಳು ಆರ್‌ಎಫ್‌ಸಿ ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಗಳಲ್ಲಿ ಎಲ್ಲರಿಗೂ ಒಂದೇ ಆಗಿ ಬರೆಯಲ್ಪಟ್ಟಿವೆ. ಲಿನಕ್ಸ್‌ಗೆ ಒಂದು ಬಿಜಿಪಿ, ಫ್ರೀಬಿಎಸ್‌ಡಿಗೆ ಇನ್ನೊಂದು ಬಿಜಿಪಿ ಎಂಬುದಿಲ್ಲ. ತಂತ್ರಾಂಶಗಳು ಬರೆಯಲ್ಪಟ್ಟಿರುವುದೂ ಎಲ್ಲ ಕಡೆ ದೊರೆಯುವ ಸಿ ಭಾಷೆಯಲ್ಲಿ. ಹೀಗಿರುವಾಗ ಒಂದು ಆಪರೇಟಿಂಗ್ ಸಿಸ್ಟಂನಿಂದ ಮತ್ತೊಂದಕ್ಕೆ ಅವನ್ನು ಪೋರ್ಟ್ ಮಾಡಲು ಮತ್ತೊಮ್ಮೆ ಕಂಪೈಲ್ ಮಾಡಿದರೆ ಸಾಕಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಕಂಪೈಲ್ ಆದ ಮೇಲೆಯೇ ನಿಜವಾದ ಕೆಲಸ ಶುರುವಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ದುಡಿದವರೆಲ್ಲರ ಅನುಭವ. ಅದಕ್ಕೆ ಕಾರಣವೇನೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ರೂಟರ್ ಮಾಡುವ ಕೆಲಸದಲ್ಲಿ ಎರಡು ಭಾಗಗಳಿವೆ. ಯಾವ ವಿಳಾಸಕ್ಕೆ ಹೋಗಬೇಕಾದ ಪ್ಯಾಕೆಟ್ಟನ್ನು ಯಾವ ಕಡೆ ಕಳಿಸಬೇಕೆಂದು ನಿರ್ಧರಿಸುವುದು ಒಂದು. ಬಂದ ಪ್ರತಿಯೊಂದು ಪ್ಯಾಕೆಟ್ಟನ್ನೂ ಆ ನಿರ್ಧಾರದಂತೆ ಸಾಗಹಾಕುವುದು ಇನ್ನೊಂದು. ಮೊದಲನೆಯದನ್ನು ಬರ್ಡ್‌ನಂಥ ಪ್ರೋಗ್ರಾಂ ಮಾಡುತ್ತದೆ. ಎರಡನೆಯದನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಮಾಡುತ್ತದೆ. ಪ್ರೋಗ್ರಾಂ ತಾನು ಆರಿಸಿದ ಮಾರ್ಗಗಳನ್ನು ಕರ್ನಲ್‌ನ ರೂಟಿಂಗ್ ಟೇಬಲ್‌ನಲ್ಲಿ ಬರೆಸಬೇಕು, ಮತ್ತು ಕೇಬಲ್ ಕಳಚಿತು, ಹೊಸ ವಿಳಾಸ ಸೇರಿತು, ಬೇರೆ ಯಾರೋ ಒಂದು ಮಾರ್ಗವನ್ನು ಅಳಿಸಿದರು ಎಂಬಂಥ ಸುದ್ದಿಗಳನ್ನು ಕರ್ನಲ್‌ನಿಂದ ಕೇಳಿ ತಿಳಿದುಕೊಳ್ಳಬೇಕು. ಈ ಸಂಭಾಷಣೆ ಹೇಗೆ ನಡೆಯಬೇಕೆಂಬುದಕ್ಕೆ ಯಾವ ಸಾಮಾನ್ಯ ನಿಯಮವೂ ಇಲ್ಲ. ಫೈಲ್ ತೆರೆಯುವುದು, ಪ್ರೊಸೆಸ್ ಹುಟ್ಟಿಸುವುದು, ಟಿಸಿಪಿ ಸಂಪರ್ಕ ಕಟ್ಟುವುದು ಇವಕ್ಕೆಲ್ಲ ಪಾಸಿಕ್ಸ್ ಮಾನದಂಡವಿದೆ. ರೂಟಿಂಗ್ ಟೇಬಲ್‌ನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪ್ರೋಟೊಕಾಲ್‌ನ ತರ್ಕವನ್ನೆಲ್ಲ ಹೊತ್ತ ಸಾವಿರಾರು ಸಾಲುಗಳು ಹೆಚ್ಚು ಬದಲಾವಣೆಯಿಲ್ಲದೆ ಹೊಸ ಕರ್ನಲ್‌ಗೆ ಬರುತ್ತವೆ, ಆದರೆ ಕರ್ನಲ್‌ನೊಡನೆ ಮಾತಾಡುವ ಕೆಲವೇ ಫೈಲುಗಳಲ್ಲಿ ಇಡೀ ಪೋರ್ಟ್‌ನ ಸೋಲು ಗೆಲುವು ಅಡಗಿರುತ್ತದೆ.

ಆ ಸಂಭಾಷಣೆಗೆ ಇಂದು ಎರಡು ಮುಖ್ಯ ರೂಢಿಗಳಿವೆ. 1990ರಲ್ಲಿ ಹೊರಬಂದ 4.3ಬಿಎಸ್‌ಡಿ ರೀನೋ ಎಂಬ ಯುನಿಕ್ಸ್ ಆವೃತ್ತಿಯಲ್ಲಿ ರೂಟಿಂಗ್ ಸಾಕೆಟ್ ಎಂಬ ವ್ಯವಸ್ಥೆ ಬಂದಿತು. ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ಓಪನ್‌ಬಿಎಸ್‌ಡಿ, ಮ್ಯಾಕ್‌ಒಎಸ್ ಎಲ್ಲವೂ ಅದನ್ನು ಪಡೆದುಕೊಂಡು ತಮ್ಮ ತಮ್ಮ ರೀತಿಯಲ್ಲಿ ಬೆಳೆಸಿಕೊಂಡವು. ಲಿನಕ್ಸ್ ತನ್ನ 2.2 ಆವೃತ್ತಿಯ ಹೊತ್ತಿಗೆ ನೆಟ್‌ಲಿಂಕ್ ಎಂಬ ಬೇರೆಯದೇ ಮಾರ್ಗ ಹಿಡಿಯಿತು. 2003ರ ಆರ್‌ಎಫ್‌ಸಿ 3549 ಅದನ್ನು ವಿವರಿಸುತ್ತದೆ. ಎರಡರಲ್ಲೂ ಪ್ರೋಗ್ರಾಂ ಒಂದು ಸಾಕೆಟ್ (ಸಂದೇಶಗಳು ಸಾಗುವ ಕಿಂಡಿ) ತೆರೆದು, ಸಂದೇಶ ಬರೆದು, ಉತ್ತರ ಓದುತ್ತದೆ. ಸಾಮ್ಯ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ.

ನೆಟ್‌ಲಿಂಕ್ ಸಂದೇಶದಲ್ಲಿ ಪ್ರತಿಯೊಂದು ಮಾಹಿತಿಯೂ ತನ್ನ ಬಗೆ ಮತ್ತು ಉದ್ದವನ್ನು ತಾನೇ ಹೇಳಿಕೊಂಡು ಬರುತ್ತದೆ. ಪ್ರೋಗ್ರಾಂಗೆ ಅರ್ಥವಾಗದ ಹೊಸ ಅಂಶವೊಂದು ನಡುವೆ ಸಿಕ್ಕರೆ ಅದನ್ನು ಹಾರಿ ಮುಂದಕ್ಕೆ ಹೋಗಬಹುದು. ರೂಟಿಂಗ್ ಸಾಕೆಟ್‌ನ ಸಂದೇಶದಲ್ಲಾದರೋ ಆರಂಭದಲ್ಲಿ ನಿಗದಿತ ಅಳತೆಯ ಒಂದು ಶಿರೋಭಾಗವಿದ್ದು, ಅದರ ಹಿಂದೆ ಗುರಿ, ಗೇಟ್‌ವೇ, ನೆಟ್‌ಮಾಸ್ಕ್ ಮುಂತಾದ ವಿಳಾಸಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ; ಯಾವ ಯಾವ ವಿಳಾಸಗಳಿವೆ ಎಂಬುದನ್ನು ಶಿರೋಭಾಗದ ಒಂದು ಬಿಟ್‌ಗುರುತು ಮಾತ್ರ ಹೇಳುತ್ತದೆ. ಒಂದು ವಿಳಾಸ ಎಲ್ಲಿ ಮುಗಿದು ಮುಂದಿನದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಓದುವವನೇ ಲೆಕ್ಕ ಹಾಕಬೇಕು, ಮತ್ತು ಆ ಲೆಕ್ಕ ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ರೀತಿ ಇದೆ. 64 ಬಿಟ್‌ನ ಫ್ರೀಬಿಎಸ್‌ಡಿ ಪ್ರತಿ ವಿಳಾಸವನ್ನೂ 8 ಬೈಟ್‌ಗಳ ಗುಣಕಕ್ಕೆ ಏರಿಸಿ ಇಡುತ್ತದೆ. ಮ್ಯಾಕ್‌ಒಎಸ್ 4 ಬೈಟ್‌ಗಳ ಗುಣಕಕ್ಕೆ ಏರಿಸುತ್ತದೆ. ಐಪಿವಿ4 ವಿಳಾಸದ ರಚನೆ 16 ಬೈಟ್‌ಗಳದ್ದಾಗಿರುವುದರಿಂದ ಎರಡೂ ಲೆಕ್ಕಗಳಲ್ಲಿ ಅದು 16 ಆಗಿಯೇ ಉಳಿಯುತ್ತದೆ. ಐಪಿವಿ6 ವಿಳಾಸದ ರಚನೆ 28 ಬೈಟ್‌ಗಳದ್ದು. ಒಂದು ಕಡೆ ಅದು 32 ಆಗುತ್ತದೆ, ಇನ್ನೊಂದು ಕಡೆ 28 ಆಗಿಯೇ ಇರುತ್ತದೆ. ಒಂದರ ಲೆಕ್ಕವನ್ನು ಇನ್ನೊಂದರ ಮೇಲೆ ಬಳಸಿದ ಪ್ರೋಗ್ರಾಂ ಐಪಿವಿ4ನ ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಿ, ಐಪಿವಿ6 ಬಂದೊಡನೆ ಗೇಟ್‌ವೇಯನ್ನು ನಾಲ್ಕು ಬೈಟ್ ಆಚೀಚೆ ಓದುತ್ತದೆ. ಕಂಪೈಲರ್ ಇದನ್ನು ಹಿಡಿಯಲಾರದು. ಹಳೆಯ ಬಿಎಸ್‌ಡಿಗಳಲ್ಲಿ ನೆಟ್‌ಮಾಸ್ಕ್‌ನ ಕೊನೆಯ ಸೊನ್ನೆಗಳನ್ನು ಕತ್ತರಿಸಿ ಕಳಿಸುವ ಪದ್ಧತಿಯೂ ಇದ್ದುದರಿಂದ, /24ರ ಮಾಸ್ಕ್ 7 ಬೈಟ್‌ಗಳಲ್ಲಿಯೂ /8ರ ಮಾಸ್ಕ್ 5 ಬೈಟ್‌ಗಳಲ್ಲಿಯೂ ಬರುವುದುಂಟು. ಪೂರ್ತಿ ರಚನೆ ಬಂದಿದೆಯೆಂದು ಭಾವಿಸಿ ಓದಿದ ಪ್ರೋಗ್ರಾಂ ಮುಂದಿನ ವಿಳಾಸದ ಬೈಟ್‌ಗಳನ್ನೂ ಮಾಸ್ಕ್‌ನೊಳಗೆ ಸೇರಿಸಿಕೊಂಡುಬಿಡುತ್ತದೆ.

ಐಪಿವಿ6ನಲ್ಲಿಯೇ ಇನ್ನೊಂದು ತೊಡಕಿದೆ. ಒಂದೇ ಕೊಂಡಿಯೊಳಗೆ ಮಾತ್ರ ಅರ್ಥವಿರುವ ಲಿಂಕ್‌ಲೋಕಲ್ ವಿಳಾಸಗಳು ಎಫ್‌ಇ80 ಎಂದು ಆರಂಭವಾಗುತ್ತವೆ, ಮತ್ತು ಒಎಸ್‌ಪಿಎಫ್‌ನ ಐಪಿವಿ6 ಆವೃತ್ತಿಯು ಮುಂದಿನ ರೂಟರನ್ನು ಗುರುತಿಸುವುದು ಇದೇ ವಿಳಾಸಗಳಿಂದ. ಬಿಎಸ್‌ಡಿಗಳಿಗೆ ಐಪಿವಿ6 ತಂದುಕೊಟ್ಟ ಜಪಾನಿನ ಕಾಮೆ ಯೋಜನೆಯವರು, ಆ ವಿಳಾಸ ಯಾವ ಇಂಟರ್ಫೇಸ್‌ಗೆ, ಅಂದರೆ ಯಂತ್ರದ ಯಾವ ಜಾಲಸಂಪರ್ಕಕ್ಕೆ, ಸೇರಿದ್ದೆಂಬುದನ್ನು ಕರ್ನಲ್ ಒಳಗೆ ವಿಳಾಸದ ಮೂರು ಮತ್ತು ನಾಲ್ಕನೆಯ ಬೈಟ್‌ಗಳಲ್ಲಿಯೇ ತುಂಬಿಡುವ ಉಪಾಯ ಮಾಡಿದರು. ಎರಡನೆಯ ಇಂಟರ್ಫೇಸ್‌ನ ಎಫ್‌ಇ80::1 ಎಂಬುದು ಒಳಗೆ ಎಫ್‌ಇ80:2::1 ಆಗಿರುತ್ತದೆ. ಈ ಒಳಗಿನ ರೂಪವು ರೂಟಿಂಗ್ ಸಾಕೆಟ್‌ನ ಮೂಲಕ ಹೊರಗೂ ಕಾಣಿಸಿಕೊಳ್ಳುತ್ತಿತ್ತು. ಲಿನಕ್ಸ್‌ನಿಂದ ಬಂದ ಪ್ರೋಗ್ರಾಂ ಅದನ್ನು ಹಾಗೆಯೇ ನಂಬಿದರೆ, ಎಲ್ಲಿಯೂ ಇಲ್ಲದ ನೆರೆಯವನೊಬ್ಬನನ್ನು ನೆಚ್ಚಿ ಕುಳಿತಂತಾಗುತ್ತದೆ. ಆದ್ದರಿಂದ ಎಫ್‌ಆರ್‌ಆರ್‌ನ ಪೂರ್ವಜವಾದ ಕ್ವಾಗಾದಂಥ ತಂತ್ರಾಂಶಗಳು ಓದುವಾಗ ಆ ಎರಡು ಬೈಟ್‌ಗಳನ್ನು ತೆಗೆದು, ಬರೆಯುವಾಗ ಮತ್ತೆ ತುಂಬುವ ಸಾಲುಗಳನ್ನು ಸೇರಿಸಿಕೊಳ್ಳಬೇಕಾಯಿತು.

ಇಷ್ಟೂ ಬೈಟ್‌ಗಳ ಜೋಡಣೆಯ ಮಾತಾಯಿತು. ಇದಕ್ಕಿಂತ ಆಳವಾದ ಭಿನ್ನತೆ ಇರುವುದು, ಮಾರ್ಗ ಎಂದರೇನು ಎಂಬುದರಲ್ಲಿಯೇ. ಲಿನಕ್ಸ್‌ನಲ್ಲಿ ಒಂದೇ ಗುರಿಗೆ ಬೇರೆ ಬೇರೆ ಮೆಟ್ರಿಕ್ (ಆದ್ಯತೆಯ ಅಂಕ) ಇರುವ ಹಲವು ಮಾರ್ಗಗಳನ್ನು ಒಟ್ಟಿಗೆ ಇಡಬಹುದು. ಪ್ರತಿ ಮಾರ್ಗಕ್ಕೂ ಅದನ್ನು ಯಾರು ಸೇರಿಸಿದರೆಂಬ ಒಂದು ಸಂಖ್ಯೆಯೂ ಅಂಟಿಕೊಂಡಿರುತ್ತದೆ. ಎಫ್‌ಆರ್‌ಆರ್‌ನ ಮೂಲವಾದ ಜೀಬ್ರಾಗೆ 11, ಬರ್ಡ್‌ಗೆ 12 ಎಂಬ ಸಂಖ್ಯೆಗಳು ಕರ್ನಲ್‌ನ ಹೆಡರ್ ಫೈಲಿನಲ್ಲಿಯೇ ಮೀಸಲಾಗಿವೆ. ಪ್ರೋಗ್ರಾಂ ಅಕಸ್ಮಾತ್ತಾಗಿ ಸತ್ತು ಮತ್ತೆ ಎದ್ದಾಗ, ತನ್ನ ಸಂಖ್ಯೆ ಇರುವ ಹಳೆಯ ಮಾರ್ಗಗಳನ್ನು ಮಾತ್ರ ಹುಡುಕಿ ಸ್ವಚ್ಛಗೊಳಿಸಲು ಇದರಿಂದ ಸಾಧ್ಯವಾಗುತ್ತದೆ. ಸಾಂಪ್ರದಾಯಿಕ ಬಿಎಸ್‌ಡಿಯಲ್ಲಿ ಒಂದು ಟೇಬಲ್‌ನಲ್ಲಿ ಒಂದು ಗುರಿಗೆ ಒಂದೇ ಮಾರ್ಗ. ಒಡೆಯನ ಹೆಸರಿಗೆ ಬದಲಾಗಿ, ಪ್ರೋಗ್ರಾಂಗಳು ತಮ್ಮ ಇಷ್ಟದಂತೆ ಬಳಸಿಕೊಳ್ಳಬಹುದಾದ ಎರಡು ಮೂರು ಬಿಟ್‌ಗಳಷ್ಟೇ ಇದ್ದವು. ಒಂದೇ ಯಂತ್ರದಲ್ಲಿ ಎರಡು ರೂಟಿಂಗ್ ಪ್ರೋಗ್ರಾಂಗಳು ಒಂದೇ ಬಿಟ್ ಬಳಸಿದರೆ ಒಬ್ಬರ ಮಾರ್ಗವನ್ನು ಮತ್ತೊಬ್ಬರು ಅಳಿಸುವ ಅಪಾಯವಿರುತ್ತದೆ. ಓಪನ್‌ಬಿಎಸ್‌ಡಿ ಈ ಸಮಸ್ಯೆಗೆ ಬೇರೆ ಪರಿಹಾರ ಕಂಡುಕೊಂಡಿತು: ಅಲ್ಲಿ ಪ್ರತಿ ಮಾರ್ಗಕ್ಕೂ ಆದ್ಯತೆಯ ಸಂಖ್ಯೆಯಿದ್ದು, ಕೈಯಿಂದ ಬರೆದ ಮಾರ್ಗಕ್ಕೆ 8, ಒಎಸ್‌ಪಿಎಫ್‌ಗೆ 32, ಬಿಜಿಪಿಗೆ 48 ಎಂದು ನಿಗದಿಯಾಗಿದೆ. ಒಂದೇ ಗುರಿಗೆ ಒಎಸ್‌ಪಿಎಫ್ ಮಾರ್ಗವೂ ಬಿಜಿಪಿ ಮಾರ್ಗವೂ ಇದ್ದಾಗ, ಸಂಖ್ಯೆ ಚಿಕ್ಕದಾಗಿರುವ ಒಎಸ್‌ಪಿಎಫ್ ಮಾರ್ಗವನ್ನು ಕರ್ನಲ್ ತಾನೇ ಆರಿಸುತ್ತದೆ. ಲಿನಕ್ಸ್ ಮತ್ತು ಫ್ರೀಬಿಎಸ್‌ಡಿಗಳಿಗಾಗಿ ಬರೆದ ಎಫ್‌ಆರ್‌ಆರ್‌ನಲ್ಲಿ ಇದೇ ನಿರ್ಧಾರವನ್ನು ಕರ್ನಲ್‌ನ ಹೊರಗೆ, ಜೀಬ್ರಾ ಎಂಬ ಮಧ್ಯವರ್ತಿ ಪ್ರೋಗ್ರಾಂ ಮಾಡುತ್ತದೆ. ಒಂದು ವ್ಯವಸ್ಥೆಯಲ್ಲಿ ಕರ್ನಲ್ ಹೊತ್ತಿದ್ದ ಜವಾಬ್ದಾರಿ ಇನ್ನೊಂದರಲ್ಲಿ ಪ್ರೋಗ್ರಾಂನ ಹೆಗಲಿಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ಕೇವಲ ಫಂಕ್ಷನ್‌ಗಳ ಹೆಸರು ಬದಲಿಸಿ ಇದನ್ನು ಸರಿದೂಗಿಸಲಾಗದು.

ಸುದ್ದಿ ಕೇಳುವ ಕಡೆಯೂ ಇದೇ ಸ್ಥಿತಿ. ಇಂಟರ್ಫೇಸ್ ಒಂದು ಕೆಳಗಿಳಿದಾಗ ಲಿನಕ್ಸ್ ಅದರ ಮೂಲಕ ಹೋಗುವ ಐಪಿವಿ4 ಮಾರ್ಗಗಳನ್ನು ಟೇಬಲ್‌ನಿಂದ ತೆಗೆದುಹಾಕುತ್ತದೆ, ಆದರೆ ಪ್ರತಿ ಮಾರ್ಗಕ್ಕೂ ಒಂದೊಂದು ಸಂದೇಶ ಕಳಿಸುವುದಿಲ್ಲ; ಇಂಟರ್ಫೇಸ್ ಹೋಯಿತೆಂಬ ಒಂದು ಸಂದೇಶದಿಂದ ಉಳಿದುದನ್ನು ಪ್ರೋಗ್ರಾಂ ತಾನೇ ಊಹಿಸಿಕೊಳ್ಳಬೇಕು. ಓಪನ್‌ಬಿಎಸ್‌ಡಿಯಲ್ಲಿ ಅಂಥ ಮಾರ್ಗ ಟೇಬಲ್‌ನಲ್ಲಿಯೇ ಉಳಿದು, ಬಳಕೆಗೆ ಯೋಗ್ಯವಲ್ಲ ಎಂಬ ಗುರುತು ಪಡೆಯುತ್ತದೆ. ಇನ್ನು ಸಂದೇಶಗಳೇ ತಪ್ಪಿಹೋಗುವ ಪ್ರಸಂಗವಿದೆ. ಇಂಟರ್ನೆಟ್ಟಿನ ಪೂರ್ಣ ಐಪಿವಿ4 ಪಟ್ಟಿಯಲ್ಲಿ ಇಂದು 9 ಲಕ್ಷಕ್ಕೂ ಹೆಚ್ಚು ಮಾರ್ಗಗಳಿವೆ; ದೊಡ್ಡ ನೆರೆಯವನೊಬ್ಬ ಕಳಚಿಕೊಂಡಾಗ ಲಕ್ಷಾಂತರ ಬದಲಾವಣೆಗಳು ಒಮ್ಮೆಲೇ ಆಗಿ ಸಾಕೆಟ್‌ನ ಬಫರ್ ತುಂಬಿ ತುಳುಕುತ್ತದೆ. ಆಗ ಲಿನಕ್ಸ್ ಬಫರ್ ಸಾಲದಾಯಿತೆಂಬ ದೋಷಸಂಕೇತ ಕೊಡುತ್ತದೆ. ಓಪನ್‌ಬಿಎಸ್‌ಡಿ ಹೊಂದಿಕೆ ತಪ್ಪಿದೆ ಎಂಬ ಪ್ರತ್ಯೇಕ ಸಂದೇಶವನ್ನೇ ಕಳಿಸುತ್ತದೆ. ಹಲವು ವರ್ಷಗಳ ಕಾಲ ಉಳಿದ ಬಿಎಸ್‌ಡಿಗಳು ಏನನ್ನೂ ಹೇಳದೆ ಸಂದೇಶಗಳನ್ನು ಎಸೆದುಬಿಡುತ್ತಿದ್ದವು. ಕೊನೆಯ ಪ್ರಸಂಗವೇ ಅತ್ಯಂತ ಅಪಾಯಕಾರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಪ್ರೋಗ್ರಾಂ ನಂಬಿರುವ ಪಟ್ಟಿಯೂ ಪ್ಯಾಕೆಟ್‌ಗಳು ನಿಜವಾಗಿ ಅನುಸರಿಸುವ ಪಟ್ಟಿಯೂ ಬೇರೆಯಾದ ಮೇಲೆ, ಎಲ್ಲ ಸೆಷನ್‌ಗಳೂ ಆರೋಗ್ಯವಾಗಿ ಕಾಣುತ್ತಿರುವಾಗಲೇ ಗ್ರಾಹಕರ ದಟ್ಟಣೆ ಎಲ್ಲೋ ಕಾಣೆಯಾಗುತ್ತಿರುತ್ತದೆ. ಬರ್ಡ್ ಇದಕ್ಕೆ ಸುದ್ದಿಯನ್ನಷ್ಟೇ ನೆಚ್ಚದೆ, ನಿಗದಿತ ಅವಧಿಗೊಮ್ಮೆ ಕರ್ನಲ್‌ನ ಇಡೀ ಟೇಬಲ್ಲನ್ನು ಓದಿ ತನ್ನದರೊಂದಿಗೆ ಹೋಲಿಸಿ ಸರಿಪಡಿಸುತ್ತದೆ. ಪೋರ್ಟ್ ಮಾಡುವವರು ಮೊದಲು ಬರೆಯಬೇಕಾದ ಭಾಗ ಇದು.

ಮಾರ್ಗಗಳ ಟೇಬಲ್‌ನಿಂದ ಆಚೆಗೆ, ಪ್ಯಾಕೆಟ್ ಕಳಿಸುವಲ್ಲಿಯೂ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಒಎಸ್‌ಪಿಎಫ್ ಟಿಸಿಪಿಯನ್ನಾಗಲಿ ಯುಡಿಪಿಯನ್ನಾಗಲಿ ಬಳಸದೆ ನೇರವಾಗಿ ಐಪಿಯ ಮೇಲೆ, 89 ಎಂಬ ಪ್ರೋಟೊಕಾಲ್ ಸಂಖ್ಯೆಯಲ್ಲಿ ಓಡುತ್ತದೆ. ಕ್ವಾಗಾ ಮತ್ತು ಅದರಿಂದ ಬಂದ ಎಫ್‌ಆರ್‌ಆರ್ ಐಪಿ ಹೆಡರನ್ನು ತಾವೇ ತುಂಬಿ ರಾ ಸಾಕೆಟ್‌ಗೆ ಕೊಡುತ್ತವೆ. ಇನ್ನೂ ನೆರೆಯವರಾರೂ ಕಾಣದಿರುವಾಗ ಕಳಿಸುವ ಹಲೋ ಪ್ಯಾಕೆಟ್‌ನಲ್ಲಿ 20 ಬೈಟ್ ಐಪಿ ಹೆಡರ್, 24 ಬೈಟ್ ಒಎಸ್‌ಪಿಎಫ್ ಹೆಡರ್, 20 ಬೈಟ್ ಹಲೋ ಸೇರಿ 64 ಬೈಟ್‌ಗಳಿರುತ್ತವೆ. ಈ 64 ಎಂಬ ಉದ್ದವನ್ನು ಹೆಡರ್‌ನಲ್ಲಿ ಬರೆಯುವಾಗ ಎರಡು ಬೈಟ್‌ಗಳ ಕ್ರಮ ಯಾವುದಿರಬೇಕು? ತಂತಿಯ ಮೇಲೆ ಹೋಗುವ ಕ್ರಮದಲ್ಲಿರಬೇಕು ಎಂದು ಲಿನಕ್ಸ್‌ನ ನಿರೀಕ್ಷೆ. 11.0ಕ್ಕೆ ಮುಂಚಿನ ಫ್ರೀಬಿಎಸ್‌ಡಿಗಳು ಉದ್ದವನ್ನೂ ತುಣುಕಿನ ಸ್ಥಾನವನ್ನೂ ಯಂತ್ರದ ಸ್ವಂತ ಕ್ರಮದಲ್ಲಿ ಬಯಸುತ್ತಿದ್ದವು. ಇಂಟೆಲ್ ಯಂತ್ರದಲ್ಲಿ ಕ್ರಮ ತಪ್ಪಿದರೆ 64 ಹೋಗಿ 16384 ಆಗುತ್ತದೆ. ಕೈಗಿತ್ತ ಪ್ಯಾಕೆಟ್‌ಗಿಂತ ಹೆಡರ್ ಹೇಳುವ ಉದ್ದ ದೊಡ್ಡದೆಂದು ಕಂಡು ಕರ್ನಲ್ ಅದನ್ನು ತಿರಸ್ಕರಿಸುತ್ತದೆ, ಹಲೋ ಹೊರಗೆ ಹೋಗುವುದೇ ಇಲ್ಲ, ನೆರೆತನ ಏರ್ಪಡುವುದೇ ಇಲ್ಲ. ಇಲ್ಲಿ ಸ್ವಾರಸ್ಯದ ಸಂಗತಿಯೆಂದರೆ, ಒಟ್ಟು ಉದ್ದದ ಜಾಗವನ್ನು ಲಿನಕ್ಸ್ ಕರ್ನಲ್ ಯಾವಾಗಲೂ ತಾನೇ ತುಂಬುತ್ತದೆ. ಪ್ರೋಗ್ರಾಂ ಅಲ್ಲಿ ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ. ಹೀಗಾಗಿ ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ತೊಂದರೆಯಿಲ್ಲದೆ ಓಡಿದ ಕೋಡ್ ಒಂದರಲ್ಲಿ ತಪ್ಪು ಉದ್ದವಿದ್ದರೂ ಅದು ಯಾರಿಗೂ ಕಾಣಿಸಿರುವುದಿಲ್ಲ. ಬಿಎಸ್‌ಡಿಗೆ ಒಯ್ದ ದಿನವೇ ಅದು ಹೊರಬೀಳುತ್ತದೆ. ಪೋರ್ಟ್ ಮಾಡುವುದರಿಂದ ಮೂಲ ತಂತ್ರಾಂಶಕ್ಕೂ ಲಾಭವಿದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಿಜಿಪಿ ಸೆಷನ್‌ಗಳನ್ನು ಕಾಯುವ ಟಿಸಿಪಿ ಎಂಡಿ5 ಸಹಿಯ ವಿಷಯದಲ್ಲಿಯೂ ಇಂಥದೇ ಅಂತರವಿದೆ. 1998ರ ಆರ್‌ಎಫ್‌ಸಿ 2385ರಂತೆ ತಂತಿಯ ಮೇಲಿನ ಸಹಿ ಎಲ್ಲ ಕಡೆ ಒಂದೇ. ಆದರೆ ಲಿನಕ್ಸ್‌ನಲ್ಲಿ, 2007ರಲ್ಲಿ ಬಂದ 2.6.20ರಿಂದ ಈಚೆಗೆ, ನೆರೆಯವನ ವಿಳಾಸವನ್ನೂ ಗುಪ್ತಪದವನ್ನೂ ಸಾಕೆಟ್ ಆಯ್ಕೆಯಾಗಿ ನೇರವಾಗಿ ಕೊಡಬಹುದು; ಫ್ರೀಬಿಎಸ್‌ಡಿಯಲ್ಲಿ ಸಾಕೆಟ್‌ಗೆ ಸಹಿ ಬೇಕು ಅಥವಾ ಬೇಡ ಎಂದಷ್ಟೇ ಹೇಳಬಹುದಾಗಿದ್ದು, ಗುಪ್ತಪದವನ್ನು ಐಪಿಸೆಕ್ ಎಂಬ ಭದ್ರತಾ ವ್ಯವಸ್ಥೆಯ ಕೀಲಿಗಳ ಸಂಗ್ರಹದಲ್ಲಿ ಬೇರೆಯಾಗಿ ಇಡಬೇಕು. ಬರ್ಡ್ ತನ್ನ ಬಿಎಸ್‌ಡಿ ಭಾಗದಲ್ಲಿ ಆ ಸಂಗ್ರಹವನ್ನು ತಾನೇ ತುಂಬಿಕೊಳ್ಳುವ ಕೋಡ್ ಇಟ್ಟುಕೊಂಡಿದೆ.

ಇಷ್ಟೆಲ್ಲ ಭಿನ್ನತೆಗಳನ್ನು ಎದುರಿಸಲು ಮೂರು ಯೋಜನೆಗಳು ಮೂರು ದಾರಿಗಳನ್ನು ಹಿಡಿದಿವೆ. 1996ರಲ್ಲಿ ಕುನಿಹಿರೊ ಇಶಿಗುರೊ ಆರಂಭಿಸಿದ ಗ್ನೂ ಜೀಬ್ರಾ, ಅದರಿಂದ ಕವಲೊಡೆದ ಕ್ವಾಗಾ, 2017ರಲ್ಲಿ ಲಿನಕ್ಸ್ ಫೌಂಡೇಶನ್‌ನ ಆಶ್ರಯದಲ್ಲಿ ಪ್ರಕಟವಾದ ಎಫ್‌ಆರ್‌ಆರ್, ಈ ವಂಶದ ತಂತ್ರಾಂಶಗಳಲ್ಲಿ ಪ್ರತಿ ಪ್ರೋಟೊಕಾಲ್‌ಗೂ ಒಂದೊಂದು ಪ್ರತ್ಯೇಕ ಪ್ರೋಗ್ರಾಂ ಇದ್ದು, ಕರ್ನಲ್‌ನ ಟೇಬಲ್ಲನ್ನು ಮುಟ್ಟುವ ಅಧಿಕಾರ ಜೀಬ್ರಾ ಎಂಬ ಒಂದಕ್ಕೆ ಮಾತ್ರ ಇದೆ. ಪೋರ್ಟ್‌ನ ಬಹುಪಾಲು ಶ್ರಮ ಆ ಒಂದೇ ಪ್ರೋಗ್ರಾಂಗೆ ಸೀಮಿತವಾಗುವುದು ಇದರ ಅನುಕೂಲ. ಬರ್ಡ್ 1990ರ ದಶಕದ ಕೊನೆಯಲ್ಲಿ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿ, ಈಗ ಚೆಕ್ ದೇಶದ ಡೊಮೇನ್ ಹೆಸರುಗಳನ್ನು ನಿರ್ವಹಿಸುವ ಸಿಝಡ್.ನಿಕ್ ಸಂಸ್ಥೆಯ ಪೋಷಣೆಯಲ್ಲಿದೆ. ಅದು ಕರ್ನಲ್ಲನ್ನು ಬಿಜಿಪಿ, ಒಎಸ್‌ಪಿಎಫ್‌ಗಳ ಸಾಲಿನಲ್ಲಿ ಮತ್ತೊಂದು ಪ್ರೋಟೊಕಾಲ್ ಎಂದೇ ಎಣಿಸುತ್ತದೆ. ಯುನಿಕ್ಸ್, ಲಿನಕ್ಸ್, ಬಿಎಸ್‌ಡಿ ಎಂಬ ಮೂರು ಉಪಫೋಲ್ಡರ್‌ಗಳಲ್ಲಿ ವ್ಯವಸ್ಥೆಗೆ ಸಂಬಂಧಿಸಿದ ಎಲ್ಲವನ್ನೂ ಕೂಡಿಟ್ಟಿದೆ. ಓದಿ ಕಲಿಯಬೇಕೆನ್ನುವವರಿಗೆ ನಾನು ಮೊದಲು ಸೂಚಿಸುವುದು ಬರ್ಡ್‌ನ ಈ ಫೋಲ್ಡರ್‌ಗಳನ್ನೇ. ಒಂದೇ ಕೆಲಸವನ್ನು ನೆಟ್‌ಲಿಂಕ್‌ನಲ್ಲಿಯೂ ರೂಟಿಂಗ್ ಸಾಕೆಟ್‌ನಲ್ಲಿಯೂ ಹೇಗೆ ಬರೆದಿದ್ದಾರೆಂದು ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು.

ಓಪನ್‌ಬಿಜಿಪಿಡಿಯ ಕಥೆ ಬೇರೆ. 2004ರಲ್ಲಿ ಓಪನ್‌ಬಿಎಸ್‌ಡಿ 3.5ರೊಡನೆ ಬಂದ ಅದು ಆ ಒಂದು ವ್ಯವಸ್ಥೆಗಾಗಿಯೇ ಬರೆದದ್ದು. ಬೇರೆ ಕರ್ನಲ್‌ಗಳ ಚಿಂತೆ ಅದರ ಮೂಲ ಕೋಡ್‌ನಲ್ಲಿ ಇರಲಿಲ್ಲ. ಹಲವು ನೆಟ್‌ವರ್ಕ್‌ಗಳು ಒಂದೆಡೆ ಸೇರುವ ಇಂಟರ್ನೆಟ್ ಎಕ್ಸ್‌ಚೇಂಜ್‌ಗಳಲ್ಲಿ ಸದಸ್ಯರ ನಡುವೆ ಮಾರ್ಗಗಳನ್ನು ಹಂಚುವ ರೂಟ್ ಸರ್ವರ್‌ಗಳಲ್ಲಿ ಬರ್ಡ್ ಒಂದೇ ಪ್ರಧಾನವಾಗಿದ್ದುದು ಈ ನಡುವೆ ಹಲವರ ಚಿಂತೆಗೆ ಕಾರಣವಾಯಿತು. ಎರಡು ರೂಟ್ ಸರ್ವರ್‌ಗಳನ್ನು ಇಟ್ಟುಕೊಂಡರೂ ಎರಡರಲ್ಲಿಯೂ ಒಂದೇ ತಂತ್ರಾಂಶವಿದ್ದರೆ, ಒಂದೇ ದೋಷ ಎರಡನ್ನೂ ಒಟ್ಟಿಗೆ ಕೆಡವಬಹುದು. ಯೂರೋಪಿನಲ್ಲಿ ಐಪಿ ವಿಳಾಸಗಳನ್ನು ಹಂಚುವ ರೈಪ್ ಎನ್‌ಸಿಸಿ ಸಂಸ್ಥೆಯ ಸಮುದಾಯ ನಿಧಿ ಮತ್ತು ಯೂರೋಪಿನ ಕೆಲವು ಎಕ್ಸ್‌ಚೇಂಜ್‌ಗಳ ಬೆಂಬಲದಿಂದ ಓಪನ್‌ಬಿಜಿಪಿಡಿಯನ್ನು ರೂಟ್ ಸರ್ವರ್ ಕೆಲಸಕ್ಕೆ ಬಲಪಡಿಸಲಾಯಿತು, ಮತ್ತು 2019ರಲ್ಲಿ ಇತರ ವ್ಯವಸ್ಥೆಗಳಿಗಾಗಿ ಪೋರ್ಟಬಲ್ ಆವೃತ್ತಿ ಬಂದಿತು. ಅದರಲ್ಲಿ ಮೂಲ ಕೋಡ್ ಓಪನ್‌ಬಿಎಸ್‌ಡಿಯದೇ ಆಗಿ ಉಳಿಯುತ್ತದೆ. ಸುತ್ತ ಒಂದು ತೆಳುವಾದ ಪದರವನ್ನು ಸೇರಿಸಿ, ಆ ವ್ಯವಸ್ಥೆಯಲ್ಲಿ ಮಾತ್ರ ಸಿಗುವ ಸಣ್ಣಪುಟ್ಟ ಲೈಬ್ರರಿ ಫಂಕ್ಷನ್‌ಗಳನ್ನು ಒದಗಿಸಲಾಗುತ್ತದೆ.

ಈ ಪೋರ್ಟ್‌ನ ಒಂದು ನಿರ್ಧಾರ ನನಗೆ ಬಹಳ ಮೆಚ್ಚುಗೆಯಾದದ್ದು. ಲಿನಕ್ಸ್‌ನ ಕರ್ನಲ್ ಟೇಬಲ್‌ಗೆ ಮಾರ್ಗ ಬರೆಯುವ ಕೋಡನ್ನು ಅವರು ಅರೆಬರೆಯಾಗಿ ಸೇರಿಸಲಿಲ್ಲ. ಕೆರೂಟ್-ಡಿಸೇಬಲ್ಡ್ ಎಂಬ ಹೆಸರಿನ ಫೈಲೊಂದನ್ನು ಇಟ್ಟು, ಇಲ್ಲಿ ಆ ಕೆಲಸ ಆಗುವುದಿಲ್ಲವೆಂದು ಸ್ಪಷ್ಟಪಡಿಸಿದರು. ರೂಟ್ ಸರ್ವರ್ ಎಂಬುದು ಸದಸ್ಯರ ಮಾರ್ಗಗಳನ್ನು ಪಡೆದು ಸೋಸಿ ಹಂಚುತ್ತದೆಯೇ ಹೊರತು ಅವರ ಪ್ಯಾಕೆಟ್‌ಗಳನ್ನು ತಾನು ಸಾಗಿಸುವುದಿಲ್ಲ. ಆದ್ದರಿಂದ ಕರ್ನಲ್‌ನ ಟೇಬಲ್ಲನ್ನು ಮುಟ್ಟದೆಯೂ ಆ ತಂತ್ರಾಂಶ ಪೂರ್ಣ ಪ್ರಯೋಜನಕ್ಕೆ ಬರುತ್ತದೆ. ಫ್ರೀಬಿಎಸ್‌ಡಿಗಾಗಿ ಕರ್ನಲ್ ಭಾಗವನ್ನು ಅನಂತರ ಬೇರೆಯಾಗಿ ಬರೆದು ಸೇರಿಸಲಾಯಿತು. ಆದರೆ ಇದೇ ಪೋರ್ಟ್‌ನಲ್ಲಿ ಬಳಕೆದಾರರು ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ಓಪನ್‌ಬಿಎಸ್‌ಡಿಯಲ್ಲಿ ಪ್ರೋಗ್ರಾಂ ಹಲವು ಪ್ರೊಸೆಸ್‌ಗಳಾಗಿ ಒಡೆದುಕೊಂಡು, ಪ್ರತಿಯೊಂದೂ ಪ್ಲೆಡ್ಜ್ ಎಂಬ ಸಿಸ್ಟಂ ಕರೆಯ ಮೂಲಕ ತಾನು ಇಂತಿಂಥ ಕೆಲಸಗಳನ್ನಷ್ಟೇ ಮಾಡುವೆನೆಂದು ಕರ್ನಲ್‌ಗೆ ಕಟ್ಟುಬೀಳುತ್ತದೆ. ಲಿನಕ್ಸ್‌ನಲ್ಲಿ ಪ್ಲೆಡ್ಜ್ ಇಲ್ಲ. ಪೋರ್ಟಬಲ್ ಆವೃತ್ತಿಯಲ್ಲಿ ಆ ಕರೆ ಏನೂ ಮಾಡದೆ ಹಿಂದಿರುಗುತ್ತದೆ. ಪ್ರೊಸೆಸ್‌ಗಳ ವಿಂಗಡಣೆಯ ರಕ್ಷಣೆ ಉಳಿದರೂ ಕರ್ನಲ್‌ನ ಕಾವಲು ಉಳಿಯುವುದಿಲ್ಲ. ತಂತ್ರಾಂಶದ ಹೆಸರೊಂದೇ ಆದ ಮಾತ್ರಕ್ಕೆ ಭದ್ರತೆಯ ಮಟ್ಟವೂ ಒಂದೇ ಎಂದು ಯಾರೂ ಭಾವಿಸಬಾರದು.

ಹೀಗೆ ಪೋರ್ಟ್ ಆದ ತಂತ್ರಾಂಶವನ್ನು ಪರೀಕ್ಷಿಸುವಾಗ ನೆರೆಯವರೊಡನೆ ಸೆಷನ್ ಏರ್ಪಟ್ಟಿತೆಂಬುದಕ್ಕೆ ತೃಪ್ತರಾಗುವುದು ಸಲ್ಲದು. ಪ್ರೋಗ್ರಾಂ ತೋರಿಸುವ ಪಟ್ಟಿಯನ್ನೂ ಕರ್ನಲ್ ತೋರಿಸುವ ಪಟ್ಟಿಯನ್ನೂ ಸಾಲುಸಾಲಾಗಿ ಹೋಲಿಸಬೇಕು. ಇಂಟರ್ಫೇಸನ್ನು ಕೆಳಗಿಳಿಸಿ ಮೇಲೆತ್ತಿ ಮತ್ತೆ ಹೋಲಿಸಬೇಕು. ಪ್ರೋಗ್ರಾಂ ಹಾಕಿದ ಮಾರ್ಗವೊಂದನ್ನು ಕೈಯಿಂದ ಅಳಿಸಿ, ಅದು ಎಷ್ಟು ಹೊತ್ತಿಗೆ ಗಮನಿಸಿ ಮರಳಿ ಹಾಕುತ್ತದೆ ಎಂದು ಕಾಯಬೇಕು. ಪ್ರೊಸೆಸನ್ನು ಏಕಾಏಕಿ ಕೊಂದು ಮತ್ತೆ ಎಬ್ಬಿಸಿ, ಹಳೆಯ ಮಾರ್ಗಗಳು ಉಳಿದುಕೊಂಡಿವೆಯೇ ಎಂದು ನೋಡಬೇಕು. ಇಂಟರ್ಫೇಸ್‌ಗಳ ಸಂಖ್ಯೆಯನ್ನೂ ಹೆಚ್ಚಿಸಿ ನೋಡುವುದು ಅಗತ್ಯ: ಲಿನಕ್ಸ್‌ನಲ್ಲಿ ಒಂದು ಸಾಕೆಟ್ ಸೇರಬಹುದಾದ ಮಲ್ಟಿಕಾಸ್ಟ್ ಗುಂಪುಗಳ ಮಿತಿ, ಬದಲಿಸದಿದ್ದರೆ, 20 ಮಾತ್ರ ಇದ್ದು, ಒಎಸ್‌ಪಿಎಫ್ ಪ್ರತಿ ಇಂಟರ್ಫೇಸ್‌ನಲ್ಲಿಯೂ ಇಂಥ ಗುಂಪಿಗೆ ಸೇರಬೇಕಾಗುವುದರಿಂದ, ನಾಲ್ಕು ಇಂಟರ್ಫೇಸ್‌ಗಳ ಪ್ರಯೋಗಾಲಯದಲ್ಲಿ ಗೆದ್ದ ಒಎಸ್‌ಪಿಎಫ್ ಮೂವತ್ತು ವಿಎಲ್‌ಎಎನ್‌ಗಳಿರುವ (ಅಂದರೆ ಮೂವತ್ತು ಕಲ್ಪಿತ ಇಂಟರ್ಫೇಸ್‌ಗಳಿರುವ) ಯಂತ್ರದಲ್ಲಿ ಅರ್ಧಕ್ಕೆ ನಿಲ್ಲಬಹುದು.

ಒಂದು ವ್ಯವಸ್ಥೆಗೆ ಪೋರ್ಟ್ ಮಾಡುವುದಕ್ಕಿಂತ ಅಲ್ಲಿ ಅದನ್ನು ಉಳಿಸಿಕೊಳ್ಳುವುದೇ ಹೆಚ್ಚಿನ ಶ್ರಮದ ಕೆಲಸ. ಕ್ವಾಗಾ ಸೊಲಾರಿಸ್ ಮೇಲೆಯೂ ಓಡುತ್ತಿತ್ತು. ಎಫ್‌ಆರ್‌ಆರ್ ಆ ಬೆಂಬಲವನ್ನು ಕಾಲಕ್ರಮದಲ್ಲಿ ಕೈಬಿಟ್ಟಿತು. ಯಾರೂ ದಿನನಿತ್ಯ ಕಂಪೈಲ್ ಮಾಡಿ ಪರೀಕ್ಷಿಸದ ಕೋಡ್ ಇದೆಯೆಂಬ ಭ್ರಮೆಯಿಂದ ಬಳಕೆದಾರರಿಗೆ ಹಾನಿಯೇ ಹೆಚ್ಚು. ಆದ್ದರಿಂದ ಆ ನಿರ್ಧಾರ ಸರಿಯಾದದ್ದೆಂದೇ ಹೇಳಬೇಕು.

ಇತ್ತೀಚಿನ ಬೆಳವಣಿಗೆಯೊಂದು ಈ ಚಿತ್ರವನ್ನು ಇನ್ನೊಂದು ದಿಕ್ಕಿನಿಂದ ಬದಲಿಸುತ್ತಿದೆ. ಇಷ್ಟು ದಿನ ಪ್ರೋಗ್ರಾಂಗಳು ಕರ್ನಲ್‌ಗೆ ಹೊಂದಿಕೊಳ್ಳುತ್ತಿದ್ದವು. ಈಗ ಫ್ರೀಬಿಎಸ್‌ಡಿ ಕರ್ನಲ್ ತಾನೇ ನೆಟ್‌ಲಿಂಕ್ ಕಲಿತಿದೆ. ಅಲೆಕ್ಸಾಂಡರ್ ಚೆರ್ನಿಕೋವ್ ಅವರ ಮುಂದಾಳತನದಲ್ಲಿ ಬರೆದ ಈ ಭಾಗ 2023ರಲ್ಲಿ ಬಂದ 13.2 ಆವೃತ್ತಿಯಲ್ಲಿ ಮೊದಲು ಕಾಣಿಸಿಕೊಂಡಿತು. ಅದಕ್ಕೆ ಮುಂಚೆ 13ನೆಯ ಸರಣಿಯಲ್ಲಿಯೇ ಮುಂದಿನ ನೆಗೆತಗಳನ್ನು (ಪ್ಯಾಕೆಟ್ ಮುಂದೆ ಹೋಗಬೇಕಾದ ರೂಟರ್‌ಗಳನ್ನು) ಪ್ರತ್ಯೇಕ ವಸ್ತುಗಳಾಗಿ ಇಡುವ, ಒಂದು ಗುರಿಗೆ ಹಲವು ಮಾರ್ಗಗಳಿಗೆ ಅವಕಾಶ ಕೊಡುವ ಹೊಸ ರಚನೆ ಬಂದಿದ್ದರಿಂದಲೇ ಇದು ಸಾಧ್ಯವಾಯಿತು. ಒಳಗಿನ ಟೇಬಲ್‌ಗೆ ಆ ಕಲ್ಪನೆಯೇ ಇಲ್ಲದಿದ್ದರೆ ಸಂದೇಶದ ರೂಪವನ್ನಷ್ಟೇ ಅನುಕರಿಸಿ ಫಲವಿರುತ್ತಿರಲಿಲ್ಲ. ಲಿನಕ್ಸ್‌ಗಾಗಿ ಬರೆದ ನೆಟ್‌ಲಿಂಕ್ ಫೈಲನ್ನು ಬರ್ಡ್ ಈಗ ಸ್ವಲ್ಪ ತಿದ್ದುಪಡಿಯೊಂದಿಗೆ ಫ್ರೀಬಿಎಸ್‌ಡಿಯ ಮೇಲೂ ಬಳಸುತ್ತದೆ. ಫ್ರೀಬಿಎಸ್‌ಡಿಯ ಪೋರ್ಟ್ಸ್ ಸಂಗ್ರಹದಲ್ಲಿ ಬರ್ಡ್‌ನ ಎರಡನೆಯ ಆವೃತ್ತಿ ಎರಡು ಬಗೆಗಳಲ್ಲಿ ದೊರೆಯುತ್ತದೆ: ಒಂದು ನೆಟ್‌ಲಿಂಕ್ ಮೂಲಕ ಕರ್ನಲ್‌ನೊಡನೆ ಮಾತಾಡುವಂಥದು, ಇನ್ನೊಂದು ರೂಟಿಂಗ್ ಸಾಕೆಟ್ ಮೂಲಕ ಮಾತಾಡುವಂಥದು. 13.2ಕ್ಕಿಂತ ಹಳೆಯ ಕರ್ನಲ್ ಇರುವ ಯಂತ್ರಗಳನ್ನು ನಡೆಸುವವರು ಎರಡನೆಯದನ್ನೇ ಆರಿಸಿಕೊಳ್ಳಬೇಕಾಗುತ್ತದೆ.